ಇಣಚಿಗೆ ಕಟ್ಟಿದ ಹಗ್ಗ

ಸುಳ್ಳು ಹೇಳಿ ಸಿಕ್ಕಿಬಿದ್ದವರ ಕಥೆಗಳನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ. ನಿಜ ಹೇಳಿ ಸಿಕ್ಕಿಬಿದ್ದವಳು ನಾನು. ಸಿಂದಗಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಮಕ್ಕಳಿಂದ ‘ಸದಾ ನಿಜವನ್ನೇ ಹೇಳಬೇಕು’ ಎಂದು ಕಾಪಿ ಬರೆಸಿದ್ದೇನೆ, ಬರೆಯದವರ ಕಿವಿ ಹಿಂಡಿದ್ದೇನೆ. ನಿಜ ಹೇಳಿದರೂ ಕೇಳಿದವರು ನಂಬದೆ ಹೋದರೆ ಏನು ಮಾಡಬೇಕು ಎಂದು ಯಾವ ಮಗುವೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಅದರ ಕಿವಿಯನ್ನೂ ಹಿಂಡುತ್ತಿದ್ದೆನೋ ಏನೋ. ಈಗ ಆ ಪ್ರಶ್ನೆ ನನ್ನ ಮನೆಯಲ್ಲೇ ಕಾಲು ಚಾಚಿ ಕುಳಿತಿದೆ. ಇದಕ್ಕೆಲ್ಲ ಕಾರಣ ಒಂದು ಇಣಚಿ. ದಕ್ಷಿಣದವರು ಅದನ್ನು ಅಳಿಲು ಎನ್ನುತ್ತಾರೆ. ಕಾರಣ ಇಣಚಿ ಎಂದು ಹೇಳುವುದೂ ಪೂರ್ತಿ ನಿಜವಲ್ಲ. ಕಾರಣ ನಾನೇ. ಆದರೆ ಅದನ್ನು ಮೊದಲ ಪುಟದಲ್ಲೇ ಒಪ್ಪಿಕೊಂಡರೆ ನೀವು ಮುಂದೆ ಓದುವುದಿಲ್ಲ.

ನಮ್ಮ ಮನೆಯವರ ಹೆಸರು ಸಿದ್ರಾಮಪ್ಪ. ಹುಟ್ಟಿದ್ದು ಯಂಕಂಚಿಯಲ್ಲಿ. ಅಲ್ಲಿ ನಿಂತು ಯಾವ ದಿಕ್ಕಿಗೆ ನೋಡಿದರೂ ಕರಿ ಹೊಲ, ಅದರ ಮೇಲೆ ಆಕಾಶ. ನಡುವೆ ಒಂದು ಬೇವಿನ ಗಿಡ ಕಂಡರೆ ಅದಕ್ಕೊಂದು ಹೆಸರೇ ಇರುತ್ತದೆ. ಅಂಥ ಊರಿನವರಿಗೆ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಕೆಲಸ ಸಿಕ್ಕಿತು, ಅದೂ ಜೋಯಿಡಾ ಕಡೆಯ ದಟ್ಟ ಕಾಡಿನಲ್ಲಿ. ನಮ್ಮ ಅತ್ತೆ ಊರ ತುಂಬ, “ನನ್ನ ಮಗ ಗಿಡಾ ಕಾಯಾಕ ಹೋಗ್ಯಾನ” ಎಂದು ಹೇಳಿಕೊಂಡು ಬಂದರೆ, ಬಾವಿಕಟ್ಟೆಯ ಹೆಂಗಸರು, “ಅಯ್ಯ, ಗಿಡಾ ಎಲ್ಲಿ ಓಡಿ ಹೋಗ್ತಾವಬೇ?” ಎಂದಿದ್ದರಂತೆ. ನಾನೋ ಸಿಂದಗಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದವಳು. ಅವರಿಗೆ ಕಾಡು ಬಿಡುವ ಮನಸ್ಸಿರಲಿಲ್ಲ, ನನಗೆ ನೌಕರಿ ಬಿಡುವ ಮನಸ್ಸಿರಲಿಲ್ಲ. ಹೀಗಾಗಿ ನಮ್ಮ ಸಂಸಾರ ಬಹುಪಾಲು ಕಾಗದದ ಮೇಲೆ ನಡೆಯಿತು. ಹಬ್ಬಕ್ಕೆ ಅವರು ಬರುವುದು, ಮೇ ತಿಂಗಳ ರಜೆಗೆ ನಾನು ಹೋಗುವುದು. ಅಷ್ಟರಲ್ಲೇ ಒಬ್ಬ ಮಗಳು ಹುಟ್ಟಿ, ಬೆಳೆದು, ನಾಲತವಾಡಕ್ಕೆ ಸೊಸೆಯಾಗಿಯೂ ಹೋದಳು.

ಗಂಡನ ಪತ್ರವೆಂದರೆ ಹೆಂಡತಿ ಏನೇನೋ ನಿರೀಕ್ಷಿಸುತ್ತಾಳೆ. ನನಗೆ ಬರುತ್ತಿದ್ದ ಪತ್ರದಲ್ಲಿ ಮುಕ್ಕಾಲು ಪಾಲು ಕೆಂದಳಿಲು ಇರುತ್ತಿತ್ತು. ಅದು ನಮ್ಮ ಇಣಚಿಯ ಕುಲದ್ದೇ, ಆದರೆ ಬೆಕ್ಕಿಗಿಂತ ಉದ್ದ. ಬೆನ್ನು ಒಣಗಿದ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ, ಹೊಟ್ಟೆ ಕೆನೆಯ ಬಣ್ಣ. ‘ಇವತ್ತು ಅದು ಹೊಸ ಗೂಡು ಹೆಣೆಯಲು ಶುರು ಮಾಡಿತು. ಹಳೆಯವು ಎರಡು ಇವೆ. ನೀನು ಅರಾಮ ಇರಬೇಕು.’ ಇಷ್ಟೇ ಪತ್ರ. ಆ ಪ್ರಾಣಿಗೆ ಮೂರು ಮೂರು ಮನೆ, ನಾನು ಮಾತ್ರ ಸೋರುವ ಬಾಡಿಗೆ ಮನೆಯಲ್ಲಿ ಬಕೆಟ್ ಇಟ್ಟುಕೊಂಡು ಕುಳಿತಿದ್ದೆ. ಒಂದು ಮೇ ತಿಂಗಳು, ಈ ಸವತಿಯನ್ನು ಕಣ್ಣಾರೆ ನೋಡಿಯೇ ಬಿಡಬೇಕೆಂದು ಹೋದೆ. ಮೂರು ದಿನ ಮೇಲೆ ನೋಡಿ ನೋಡಿ ಕುತ್ತಿಗೆ ಹಿಡಿದುಕೊಂಡಿತು. ಮೂರನೆಯ ದಿನ ಎಲೆಗಳ ನಡುವೆ ಒಂದು ದೊಡ್ಡ ಬಾಲ ಇಳಿಬಿದ್ದಿದ್ದು ಕಂಡಿತು. ನಾನು “ಹಾಂ” ಎನ್ನುವಷ್ಟರಲ್ಲಿ ಅವರು ತುಟಿಯ ಮೇಲೆ ಬೆರಳಿಟ್ಟರು. ಆಗ ಅವರ ಮುಖ ನೋಡಿದೆ. ಮದುವೆಯ ಅಂತರಪಟ ಸರಿದಾಗಲೂ ಅವರು ನನ್ನನ್ನು ಹಾಗೆ ನೋಡಿರಲಿಲ್ಲ.

ಆ ಪ್ರಾಣಿ ನೆಲಕ್ಕೆ ಇಳಿಯುವುದೇ ಅಪರೂಪವಂತೆ. ತಿನ್ನುವುದು, ಮಲಗುವುದು, ಮರಿ ಹಾಕುವುದು ಎಲ್ಲ ಮೇಲೆಯೇ. ಒಂದು ಮರದ ಕೊಂಬೆ ಇನ್ನೊಂದಕ್ಕೆ ತಾಗುವ ಕಡೆ ನೋಡಿಯೇ ಗೂಡು ಕಟ್ಟುತ್ತದೆ, ಅಪಾಯ ಬಂದರೆ ಆ ದಾರಿಯಲ್ಲಿ ಪಾರಾಗಲು. ಅವರ ಗಸ್ತಿನ ಕಾಡಿನಲ್ಲಿ ಯಾವಾಗಲೋ ಒಂದು ರಸ್ತೆ ಬಂದು ಮರಗಳ ಸಾಲು ತುಂಡಾಗಿತ್ತು. ಆಮೇಲೆ ಒಂದು ಕೆಂದಳಿಲು ದಿನಾ ರಸ್ತೆಯ ಅಂಚಿನ ಕೊಂಬೆಯ ತುದಿಗೆ ಬಂದು, ಆಚೆ ದಡ ನೋಡಿ, ತಿರುಗಿ ಹೋಗುತ್ತಿತ್ತಂತೆ. “ಬಸ್ ತಪ್ಪಿಸಿಕೊಂಡ ಮುದುಕನಂಗ ನಿಂದರ್ತಿತ್ತು” ಎಂದಿದ್ದರು. ಇವರೂ ಒಬ್ಬ ಹಳೆಯ ವಾಚರನೂ ಸೇರಿ ರಸ್ತೆಯ ಮೇಲೆ ಅಡ್ಡಲಾಗಿ, ಮರದಿಂದ ಮರಕ್ಕೆ ಹಗ್ಗ ಕಟ್ಟಿದರು. ಬಹಳ ದಿನದ ಮೇಲೆ ಅದು ದಾಟಿತು. ಹಗ್ಗ ಕಟ್ಟುವ ಒಂದು ವಿಶೇಷ ಗಂಟನ್ನು ಇವರಿಗೆ ಕಲಿಸಿದ್ದು ಆ ವಾಚರನೇ. ಭಾರ ಬಿದ್ದಷ್ಟೂ ಬಿಗಿಯುತ್ತದೆ, ಆದರೆ ತುದಿಯನ್ನು ಒಳಗೆ ನೂಕಿ ಒಂದು ಪಟ್ಟು ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಅದೇ ರಜೆಯಲ್ಲಿ, ಕ್ವಾರ್ಟರ್ಸಿನ ಹಿತ್ತಲಲ್ಲಿ, ಬಟ್ಟೆ ಒಣಹಾಕುವ ಹಗ್ಗದ ಮೇಲೆ ನನ್ನ ಕೈ ಹಿಡಿದು ಆ ಗಂಟು ಕಲಿಸಿದರು. ನಮ್ಮ ಸಂಸಾರದಲ್ಲಿ ಪ್ರಣಯ ಎಂದು ಹೇಳಿಕೊಳ್ಳುವಂಥದ್ದು ನಡೆದಿದ್ದರೆ ಅದೇ ಇರಬೇಕು.

ನನಗಿಂತ ಎರಡು ವರ್ಷ ಮೊದಲು ಅವರು ನಿವೃತ್ತರಾಗಿ ಸಿಂದಗಿಗೆ ಬಂದರು. ಅಷ್ಟು ಹೊತ್ತಿಗೆ ಇಂಡಿ ರಸ್ತೆಯ ಬದಿಗೆ ನಮ್ಮದೇ ಒಂದು ಸಣ್ಣ ಮನೆ ಆಗಿತ್ತು. ಅಂಗಳದಲ್ಲಿ ಬೇವಿನ ಗಿಡ, ಅದರಲ್ಲಿ ಇಣಚಿಗಳು. ನನಗೂ ಅವುಗಳಿಗೂ ಹಳೆಯ ವೈರ. ಮಾಳಿಗೆಯ ಮೇಲೆ ಶೇಂಗಾ ಒಣಹಾಕಿದರೆ ಸಂಜೆಗೆ ಸಿಪ್ಪೆ ಸಿಗುತ್ತಿತ್ತು. ಸಂಡಿಗೆ ಇಟ್ಟರೆ ಅಂಚು ಮಾತ್ರ ಉಳಿಯುತ್ತಿತ್ತು. ಗಾದಿಯ ಮೂಲೆ ಕಡಿದು ಹತ್ತಿ ಒಯ್ಯುತ್ತಿದ್ದವು. ಇನ್ನು ಮನೆಯಲ್ಲಿ ಗಂಡಸು ಇದ್ದಾರೆ, ನನಗೊಂದು ಬಲ ಬಂತು ಎಂದುಕೊಂಡೆ. ಬಂದ ಗಂಡಸು ಮೊದಲ ವಾರವೇ ಶತ್ರುಪಕ್ಷ ಸೇರಿದರು.

“ನೀಲಾ, ಗಾದಿ ಮೂಲಿ ಹೊಲೀಬ್ಯಾಡ. ಅದಕ್ಕ ಮರಿ ಅದಾವ.”

“ಅದಕ್ಕ ಮರಿ ಇದ್ರ ನಾ ನೆಲದ ಮ್ಯಾಲೆ ಮಲಗಬೇಕೇನ್ರಿ?”

“ಒಂದ ಮೂಲಿ ಅಷ್ಟ. ನೀ ಈ ಕಡೆ ಸರದು ಮಲಗು.”

ಮೂವತ್ತು ವರ್ಷ ಕಾಡು ಕಾಯ್ದವರ ಹತ್ತಿರ ವಾದ ಮಾಡಿ ಗೆಲ್ಲಲಾಗುವುದಿಲ್ಲ. ಅವರಿಗೆ ಕಾಯುವುದು ಗೊತ್ತು.

ಆಮೇಲೆ ನಮ್ಮ ರಸ್ತೆ ಅಗಲವಾಯಿತು. ನಮ್ಮ ಬೇವಿನ ಗಿಡಕ್ಕೂ ಎದುರಿನ ಹುಣಸೆ ಗಿಡಕ್ಕೂ ನಡುವೆ ಇದ್ದ ಎರಡು ಗಿಡಗಳು ಹೋದವು. ಹುಣಸೆ ಗಿಡದ ಬುಡದಲ್ಲಿ ಮೈಬೂಬಸಾಬನ ಗಾದಿ ಅಂಗಡಿ ಇದೆ. ಅವರದು ತಲೆತಲಾಂತರದಿಂದ ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಇಣಚಿಗೆ ಹುಣಸೆ ಹಣ್ಣೂ ಬೇಕು, ಮೈಬೂಬಸಾಬನ ಹತ್ತಿಯೂ ಬೇಕು, ಸಂಸಾರ ಮಾತ್ರ ನಮ್ಮ ಬೇವಿನಲ್ಲಿ. ಮೊದಲು ಕೊಂಬೆಯಿಂದ ಕೊಂಬೆಗೆ ಹೋಗುತ್ತಿದ್ದವು ಈಗ ನೆಲಕ್ಕಿಳಿದು ಓಡಬೇಕಾಯಿತು. ಕಬ್ಬಿನ ಟ್ರ್ಯಾಕ್ಟರು, ಮೂರು ಗಾಲಿಯ ಟಂಟಂ, ಮೋಟರ್ ಸೈಕಲ್ಲು. ಬೆಳಿಗ್ಗೆ ಅಂಗಳ ಗುಡಿಸಲು ಹೋದರೆ ರಸ್ತೆಯ ಮೇಲೆ ಒಂದೊಂದು ಬಿದ್ದಿರುತ್ತಿತ್ತು. ನಮ್ಮವರು ಅದನ್ನು ಎತ್ತಿ ತಂದು ಬೇವಿನ ಬುಡದಲ್ಲಿ ಹೂಳುತ್ತಿದ್ದರು.

ಒಂದು ದಿನ ಅವರು ಪೇಟೆಯಿಂದ ದಪ್ಪ ಹಗ್ಗ ತಂದರು. ಏಣಿ ಹಾಕಿ ಬೇವಿನ ಕೊಂಬೆಗೆ ಗೋಣಿತಟ್ಟಿನ ಚೂರು ಸುತ್ತಿ, ಗಿಡಕ್ಕೆ ನೋವಾಗಬಾರದಲ್ಲ, ಅದರ ಮೇಲೆ ಹಗ್ಗ ಬಿಗಿದರು. ಇನ್ನೊಂದು ತುದಿಯನ್ನು ಹುಣಸೆಗೆ ಕಟ್ಟಿದರು. ಕಬ್ಬು ಹೇರಿದ ಟ್ರ್ಯಾಕ್ಟರಿಗೂ ತಾಗದಷ್ಟು ಎತ್ತರ. ಓಣಿಗೆ ತಿಂಗಳುಗಟ್ಟಲೆ ಸಾಲುವಷ್ಟು ನಗೆ ಸಿಕ್ಕಿತು. “ಮಾಮಾ, ಇಣಚಿಗೆ ಟೋಲ್ ಎಷ್ಟ್ ಇಟ್ಟೀರಿ?” ಎಂದು ಒಬ್ಬ. “ಹೋಗಾಕ ಒಂದ, ಬರಾಕ ಒಂದ, ಎರಡ ಕಟ್ಟಬೇಕಿತ್ತು ಬಿಡ್ರಿ” ಎಂದು ಇನ್ನೊಬ್ಬ. ಮೈಬೂಬಸಾಬ ಮಾತ್ರ ನಗಲಿಲ್ಲ. “ನನ್ನ ಹತ್ತಿ ಕದಿಯಾಕ ರಸ್ತಾ ಮಾಡಿಕೊಟ್ಟೀರಿ ಸಾಹೇಬ್ರ, ಇರ್ಲಿ” ಎಂದ. ಎರಡು ತಿಂಗಳು ಒಂದು ಇಣಚಿಯೂ ಆ ಹಗ್ಗದ ಕಡೆ ತಿರುಗಿ ನೋಡಲಿಲ್ಲ. ಕಾಗೆ ಕುಳಿತವು. ಗಾಳಿಪಟ ಸಿಕ್ಕಿಕೊಂಡಿತು. ಯಾರೋ ಮದುವೆಯ ಬ್ಯಾನರ್ ಕಟ್ಟಲು ಬಂದು ಬೈಸಿಕೊಂಡು ಹೋದರು. ನಮ್ಮವರು ದಿನಾ ಕುರ್ಚಿ ಹಾಕಿಕೊಂಡು ಅಂಗಳದಲ್ಲಿ ಕುಳಿತಿರುತ್ತಿದ್ದರು.

ಇನ್ನು ನನ್ನ ಬೀಳ್ಕೊಡುಗೆಯ ವಿಷಯ. ಶಾಲೆಯಲ್ಲಿ ದೊಡ್ಡದಾಗಿಯೇ ಇಟ್ಟುಕೊಂಡಿದ್ದರು. ನಿವೃತ್ತರಾಗುವವರನ್ನು ಜೋಡಿಯಾಗಿ ಕೂರಿಸಿ ಸನ್ಮಾನ ಮಾಡುವುದು ನಮ್ಮ ಕಡೆಯ ಪದ್ಧತಿ. ಸಂಸಾರದಲ್ಲಿ ಜೋಡಿಯಾಗಿ ಕುಳಿತಿದ್ದು ಕಡಿಮೆ ಎಂದು ನಾನೂ ಒಳಗೊಳಗೆ ಹಿಗ್ಗಿದ್ದೆ. ಅವರಿಗೆ ಹೊಸ ಅಂಗಿ ಇಸ್ತ್ರಿ ಮಾಡಿಸಿ ಇಟ್ಟೆ. “ನೀ ಮುಂದ ಹೋಗು, ನಾ ಹನ್ನೊಂದಕ್ಕ ಬರ್ತೇನಿ” ಎಂದರು. ಹನ್ನೊಂದಾಯಿತು, ಹನ್ನೆರಡಾಯಿತು. ವೇದಿಕೆಯ ಮೇಲೆ ನನ್ನ ಪಕ್ಕದ ಕುರ್ಚಿ ಖಾಲಿ. ಭಾಷಣ ಮಾಡಿದವರೆಲ್ಲ ಒಂದು ಸಲ ನನ್ನನ್ನೂ ಒಂದು ಸಲ ಕುರ್ಚಿಯನ್ನೂ ನೋಡಿ ಮಾತಾಡಿದರು. ಹಾರ ಹಾಕುವ ಹೊತ್ತಿಗೆ ಮುಖ್ಯೋಪಾಧ್ಯಾಯರಿಗೆ ಗಲಿಬಿಲಿಯಾಗಿ ಒಂದು ಹಾರ ನನಗೆ ಹಾಕಿ, ಇನ್ನೊಂದನ್ನು ಆ ಖಾಲಿ ಕುರ್ಚಿಯ ಬೆನ್ನಿಗೆ ಹಾಕಿಬಿಟ್ಟರು. ಸಭೆಯಲ್ಲಿ ಯಾರೋ “ಅಯ್ಯಯ್ಯ!” ಎಂದರು. ಹಿಂದಿನ ಸಾಲಿನಲ್ಲಿ ಪೋಷಕಿಯೊಬ್ಬಳು ಪಕ್ಕದವಳಿಗೆ, “ಪಾಪ, ಯಾವಾಗ ತೀರಿಕೊಂಡ್ರು?” ಎಂದು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಎರಡೂ ಹಾರ ಹಿಡಿದುಕೊಂಡು ಮನೆಗೆ ಬಂದೆ. ಅವರು ಅಂಗಳದಲ್ಲಿ ನಿಂತಿದ್ದರು. ಹೊಸ ಅಂಗಿ ಮೈಮೇಲೆ ಇತ್ತು, ಗುಂಡಿ ಒಂದು ಮೇಲೆ ಒಂದು ಕೆಳಗೆ. ಹೊರಡಲು ಗೇಟಿನವರೆಗೆ ಬಂದು ನಿಂತುಬಿಟ್ಟಿದ್ದರು.

“ನೀಲಾ, ದಾಟಿತು!” ಎಂದರು. “ಹಗ್ಗದ ಮ್ಯಾಲೆ ದಾಟಿತು! ಬಾಯಾಗ ಹತ್ತಿ ಹಿಡ್ಕೊಂಡು, ಅರ್ಧಕ್ಕ ನಿಂತು, ಮತ್ತ ದಾಟಿತು. ತಾಯಿ ಐತದು. ನೋಡಬೇಕಿತ್ತ ನೀ.”

ನನ್ನ ಕೈಯಲ್ಲಿದ್ದ ಹಾರ ಅವರಿಗೆ ಕಾಣಿಸಲಿಲ್ಲ. ಒಂದಲ್ಲ, ಎರಡಿದ್ದವು.

ಜಗಳವಾಡಬೇಕಿತ್ತು. ನಮ್ಮ ಕಡೆಯ ಹೆಂಗಸರಿಗೆ ಅದೇನು ಕಷ್ಟದ ಕೆಲಸವಲ್ಲ, ನಾಲ್ಕು ಮನೆಗೆ ಕೇಳುವಂತೆ ಆಡಿ ಮಧ್ಯಾಹ್ನ ರೊಟ್ಟಿ ಬಡಿಯುತ್ತೇವೆ. ನಾನು ಓದಿದವಳು ನೋಡಿ, ಮಾತು ಬಿಟ್ಟೆ. ಮಾತು ಬಿಟ್ಟಿದ್ದು ಎದುರಿನವರಿಗೆ ತಿಳಿದರೆ ತಾನೆ ಅದಕ್ಕೊಂದು ಬೆಲೆ? ನಾಲ್ಕನೆಯ ದಿನ ಅವರು, “ಗಂಟಲ ಕೆಟ್ಟೈತೇನು? ಬಿಸಿನೀರ ಕುಡಿ” ಎಂದು ಹೇಳಿ ಮತ್ತೆ ಮೇಲೆ ನೋಡತೊಡಗಿದರು. ಆ ಇಣಚಿಗೆ ಹಗ್ಗ ಈಗ ರೂಢಿಯಾಗಿತ್ತು. ದಿನಕ್ಕೆ ಎಂಟು ಹತ್ತು ಸಲ ಓಡಾಡುತ್ತಿತ್ತು. ಅದು ದಾಟಿದಾಗಲೆಲ್ಲ ಅವರ ಮುಖದ ಮೇಲೆ ಜೋಯಿಡಾದಲ್ಲಿ ಕಂಡ ಅದೇ ಬೆಳಕು.

ಆರನೆಯ ದಿನ ಅವರು ಸಾಲೋಟಗಿಗೆ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದರು. ನಾನು ತಲೆಗೆ ಬಟ್ಟೆ ಕಟ್ಟಿ, ತಲೆನೋವೆಂದು ತೋರಿಸಿ ಉಳಿದೆ. ಮಧ್ಯಾಹ್ನ ರಸ್ತೆ ಬಿಕೋ ಎನ್ನುತ್ತಿತ್ತು. ಸೆರಗು ಸೊಂಟಕ್ಕೆ ಸಿಗಿಸಿ, ಬೇವಿಗೆ ಏಣಿ ಹಾಕಿ ಹತ್ತಿದೆ. ಅರವತ್ತರ ಹೆಂಗಸು, ಮೊಣಕಾಲು ಬೇನೆ, ಆದರೂ ಹತ್ತಿದೆ. ಸಿಟ್ಟಿಗೆ ಮೊಣಕಾಲು ಇರುವುದಿಲ್ಲ. ಕೊಯ್ದರೆ ಗೊತ್ತಾಗುತ್ತದೆ ಎಂದು ಕುಡಗೋಲು ಒಯ್ಯಲಿಲ್ಲ. ಗಂಟು ಬಿಗಿಯಾಗಿಯೇ ಇತ್ತು, ಇದನ್ನು ನಾನು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ. ತುದಿಯನ್ನು ಒಳಗೆ ನೂಕುವಾಗ ನನ್ನ ಹೆಬ್ಬೆರಳಿನ ಉಗುರು ಮುರಿಯಿತು. ಒಂದು ಸುತ್ತು ಸಡಿಲಾಗುವಷ್ಟು ಬಿಚ್ಚಿ ಇಳಿದು ಬಂದೆ. ಸಂಜೆಯ ಗಾಳಿಗೆ ಹಗ್ಗ ತಾನಾಗಿಯೇ ಜಾರಿ ಬಿತ್ತು. ಮೈಬೂಬಸಾಬ ಬಂದು, ಗಾಲಿಗೆ ಸಿಗದಿರಲಿ ಎಂದು ಅದನ್ನು ಸುರುಳಿ ಸುತ್ತಿ ಹುಣಸೆಯ ಬುಡಕ್ಕೆ ಒರಗಿಸಿಟ್ಟ. ಆಗಲೂ ನಾನು ಎದ್ದು ಹೋಗಿ ಕಟ್ಟಬಹುದಿತ್ತು. ಗಂಟು ಬರುತ್ತಿತ್ತು, ಏಣಿ ಅಲ್ಲೇ ಇತ್ತು. ಬಂದು ನೋಡಲಿ ಎಂದು ಬಿಟ್ಟೆ. ಅವರೂ ಒಂದು ದಿನ ಖಾಲಿ ಜಾಗ ನೋಡಿಕೊಂಡು ಕೂರಲಿ ಎಂಬ ಸಣ್ಣ ಆಸೆ. ಅದಕ್ಕಿಂತ ಹೆಚ್ಚಿನದೇನೂ ನನ್ನ ಮನಸ್ಸಿನಲ್ಲಿರಲಿಲ್ಲ ಎಂದರೆ ನೀವಾದರೂ ನಂಬಿ.

ಮರುದಿನ ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಇಣಚಿ ಹುಣಸೆಯ ಕೊಂಬೆಯ ತುದಿಗೆ ಬಂತು, ಬಾಯಲ್ಲಿ ಹತ್ತಿಯ ಉಂಡೆ. ಹಗ್ಗ ಇರಬೇಕಾದಲ್ಲಿ ಮುಂಗಾಲು ಚಾಚಿತು. ಹಿಂದೆ ಸರಿಯಿತು. ಮತ್ತೆ ಬಂತು. ಹೀಗೆ ಮೂರು ನಾಲ್ಕು ಸಲ ಮಾಡಿ ಕಾಂಡದ ಮೇಲಿಂದ ಇಳಿದು ರಸ್ತೆಗೆ ಬಂತು. ನಾನು ಕಸಬರಿಗೆ ಎತ್ತಿ “ಹುಶ್, ಹುಶ್” ಎಂದೆ. ಹಿಂದಕ್ಕೆ ಹೋಗಲಿ ಎಂದು ನಾನು ಕೂಗಿದ್ದು. ಅದು ಬೆದರಿ ನಡುರಸ್ತೆಯಲ್ಲಿ ನಿಂತಿತು. ಟಂಟಂ ಬಂತು, ಹೋಯಿತು. ಗಾಡಿಯವನಿಗೆ ಗೊತ್ತೇ ಆಗಲಿಲ್ಲ, ಒಂದು ಸದ್ದೂ ಆಗಲಿಲ್ಲ. ಹತ್ತಿಯ ಉಂಡೆ ಉರುಳುತ್ತ ನಮ್ಮ ಗೇಟಿನ ತನಕ ಬಂತು.

ಅವರು ಹತ್ತು ಗಂಟೆಯ ಬಸ್ಸಿಗೆ ಬಂದರು. ಮೈಬೂಬಸಾಬ ಸತ್ತ ಇಣಚಿಯನ್ನು ಒಂದು ಹತ್ತಿಯ ಹಾಸಿನ ಮೇಲೆ ಮಲಗಿಸಿ ಅಂಗಡಿಯ ಕಟ್ಟೆಯ ಮೇಲಿಟ್ಟಿದ್ದ. ಅವರು ಚೀಲ ಕೆಳಗಿಟ್ಟು, ಅದನ್ನು ನೋಡಿ, ಹಗ್ಗದ ತುದಿ ಕೈಗೆತ್ತಿಕೊಂಡರು. ಕಣ್ಣಿನ ಹತ್ತಿರ ತಂದು ನೋಡಿದರು. ಹರಿದಿರಲಿಲ್ಲ, ಕೊಯ್ದಿರಲಿಲ್ಲ. ನಾನು ಗೇಟಿನ ಹತ್ತಿರ ನಿಂತು, ಈಗ ತಿಳಿಯುತ್ತದೆ, ಈಗ ಬೈಯುತ್ತಾರೆ ಎಂದು ಕಾಯುತ್ತಿದ್ದೆ.

“ಗಂಟ ಜಾರೈತಿ” ಎಂದರು. ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು. “ನಾ ಸರೀಗಿ ಕಟ್ಟಿಲ್ಲ. ನನ್ನ ಕೈ ಹೋತು ನೀಲಾ.”

ಆ ಹೊತ್ತಿಗೆ ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಬೇವಿನಲ್ಲಿ ಚೀರುವ ಸದ್ದು ಕೇಳಿಸಿತು. ಗೂಡಿನಲ್ಲಿ ಮೂರು ಮರಿ, ಇನ್ನೂ ಕಣ್ಣು ತೆರೆದಿರಲಿಲ್ಲ. ಇಳಿಸಿ ತಂದೆವು. ಅವರು ಕಲಿಸಿಕೊಟ್ಟಂತೆ ಮಾಡಿದೆ. ಮೊದಲು ಮೈ ಬೆಚ್ಚಗಾಗಬೇಕು, ತಣ್ಣಗಿರುವ ಮರಿಗೆ ಹಾಲು ಕೊಡಬಾರದು. ಅಂಗಾತ ಹಿಡಿಯಬಾರದು, ಹಾಲು ಪುಪ್ಪುಸಕ್ಕೆ ಹೋಗುತ್ತದೆ. ಮೈಬೂಬಸಾಬನ ಮನೆಯ ಆಡಿನ ಹಾಲು, ಅದಕ್ಕೆ ನೀರು ಬೆರೆಸಿ, ಬತ್ತಿಯ ತುದಿಯಿಂದ ಹನಿ ಹನಿ. ಮೊದಲ ಸಲ ಅವರೇ ಹಾಕಲು ಹೋದರು. ಕೈ ನಡುಗಿ ಹನಿ ಮರಿಯ ಮೂಗಿಗೆ ಬಿತ್ತು. ಬತ್ತಿಯನ್ನು ನನ್ನ ಕೈಗೆ ಕೊಟ್ಟು, “ನೀನ ಹಾಕು. ನನಗ ಧೈರ್ಯ ಇಲ್ಲ” ಎಂದರು. ತಾಯಿಯನ್ನು ಕೊಂದ ಕೈಯಿಂದ ಮರಿಗಳಿಗೆ ಹಾಲು ಹಾಕಿದೆ. ಎರಡನೆಯ ದಿನ ಒಂದು ಹೋಯಿತು, ನಾಲ್ಕನೆಯ ದಿನ ಇನ್ನೊಂದು. ಮೂರನೆಯದು ಕಣ್ಣು ತೆರೆಯಿತು. ಮೊದಲು ಕಂಡದ್ದು ನನ್ನ ಮುಖ. ಪಾಪದ್ದು, ಅದಕ್ಕೇನು ಗೊತ್ತು, ನನ್ನ ಸೆರಗಿನ ಒಳಗೇ ಬಂದು ಮಲಗಿತು. ಆರೇಳು ವಾರಕ್ಕೆ ಬೇವು ಹತ್ತಿ ಹೋಯಿತು.

ಹೋಗಿದ್ದು ಅಷ್ಟೇ ಅಲ್ಲ. ನಮ್ಮವರು ಒಂದೊಂದನ್ನೇ ಬಿಡತೊಡಗಿದರು. ಮೊದಲು ಸ್ಕೂಟರ್. “ಕೈ ಮ್ಯಾಲೆ ಭರೋಸಾ ಇಲ್ಲ” ಎಂದರು. ಆಮೇಲೆ ತಾವೇ ದಾಡಿ ಮಾಡಿಕೊಳ್ಳುವುದು. ಆಮೇಲೆ ಸಂತೆಯ ಚೀಲ ಹಿಡಿಯುವುದು. ಕೊನೆಗೆ ಕುರ್ಚಿಯನ್ನೂ ಅಂಗಳದಿಂದ ಒಳಗೆ ತಂದರು. ಹಗ್ಗ ಮತ್ತೆ ಕಟ್ಟೋಣವೆಂದರೆ, “ಬ್ಯಾಡ. ಅದು ನಂಬಿ ಬರ್ತೈತಿ. ಮತ್ತ ಜಾರಿದ್ರ?” ಎನ್ನುತ್ತಿದ್ದರು. ಆದರೆ ಆ ಮರಿ, ಈಗ ದೊಡ್ಡದಾಗಿತ್ತಲ್ಲ, ಅದೂ ತಾಯಿಯ ಹಾಗೆ ನೆಲದ ಮೇಲೆ ಹುಣಸೆಗೆ ಓಡತೊಡಗಿತು. ನಾನು ಬೆಳಿಗ್ಗೆ ಸಂಜೆ ಗೇಟಿನ ಮುಂದೆ ನಿಲ್ಲತೊಡಗಿದೆ. ಅದು ಇಳಿದು ಬಂದರೆ ರಸ್ತೆಗೆ ನುಗ್ಗಿ ಕೈ ಅಡ್ಡ ಹಿಡಿಯುವುದು. ಈ ರಸ್ತೆಯ ಟ್ರ್ಯಾಕ್ಟರ್, ಟಂಟಂ ಹೊಡೆಯುವವರಲ್ಲಿ ಅರ್ಧದಷ್ಟು ಜನ ನನ್ನ ಕೈಯಲ್ಲಿ ಎರಡನೇ ಇಯತ್ತೆ ಕಲಿತವರು. “ಏ, ನಿಂದ್ರಲೇ!” ಎಂದರೆ ಬ್ರೇಕು ತಾನಾಗಿಯೇ ಬೀಳುತ್ತಿತ್ತು. ಒಬ್ಬ ಕಬ್ಬಿನ ಟ್ರ್ಯಾಕ್ಟರಿನವ ಗಾಬರಿಯಲ್ಲಿ ಕೈ ಮುಂದೆ ಚಾಚಿದ. ಛಡಿ ಏಟಿಗೆ. ಅವನಿಗೀಗ ಇಬ್ಬರು ಮಕ್ಕಳು.

ಆದರೆ ಎಷ್ಟು ದಿನ ಹಾಗೆ ನಿಲ್ಲುವುದು? ಒಂದು ಬೆಳಿಗ್ಗೆ ಚಹಾ ಕೊಡುವಾಗ ನೋಡಿದೆ, ಅವರು ಕಪ್ಪನ್ನು ಎರಡೂ ಕೈಯಿಂದ ಹಿಡಿದು, ಅಪರಾಧ ಮಾಡಿದವರಂತೆ ಬಗ್ಗಿ ಕುಡಿಯುತ್ತಿದ್ದರು. ತಡೆಯಲಾಗಲಿಲ್ಲ. ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದೆ. ಖಾಲಿ ಕುರ್ಚಿ, ಹಾರ, ಏಣಿ, ಮುರಿದ ಉಗುರು.

“ಗಂಟ ಜಾರಿಲ್ಲರಿ. ನಾ ಬಿಚ್ಚೀನಿ. ನಿಮ್ಮ ಕೈಯಾಗ ಏನೂ ತಪ್ಪಿಲ್ಲ.”

ಅವರು ಕಪ್ಪು ಕೆಳಗಿಟ್ಟರು. ಆಮೇಲೆ ನಕ್ಕರು. ಎಷ್ಟೋ ತಿಂಗಳ ಮೇಲೆ ನಕ್ಕರು.

“ನಿನಗ ಸುಳ್ಳ ಹೇಳಾಕ ಬರಂಗಿಲ್ಲ ನೀಲಾ. ನಿನ್ನ ಮಾರಿ ಮ್ಯಾಲೆ ತಿಳೀತೈತಿ.”

“ಸುಳ್ಳಲ್ಲರಿ, ಖರೇನ ನಾನ ಬಿಚ್ಚಿದ್ದು.”

“ಮೊಣಕಾಲ ಬ್ಯಾನಿ ಇಟ್ಕೊಂಡು ಏಣಿ ಹತ್ತಿದಿ? ಬಿಡ, ನನ್ನ ಸಮಾಧಾನಕ್ಕ ಹೇಳಾಕತ್ತಿ ಅಂತ ನನಗ ತಿಳೀತು.”

ಸಿಟ್ಟು ಬಂತು. ಬಟ್ಟೆ ಒಣಹಾಕುವ ಹಗ್ಗ ತಂದು ಪಡಸಾಲೆಯ ಕಂಬಕ್ಕೆ ಅದೇ ಗಂಟು ಹಾಕಿ ತೋರಿಸಿದೆ. ಜಗ್ಗಿ ತೋರಿಸಿದೆ. ತುದಿಯನ್ನು ನೂಕಿ, ತಿರುಗಿಸಿ, ಬಿಚ್ಚಿ ತೋರಿಸಿದೆ. “ನೋಡ್ರಿ, ಹಿಂಗ ಬಿಚ್ಚಿದೆ.” ಅವರ ಕಣ್ಣು ತೇವವಾದವು. “ಮರತಿಲ್ಲ ನೀ” ಎಂದರು. “ಇಷ್ಟು ವರ್ಷ ಆದ್ರೂ ಮರತಿಲ್ಲ. ನಾ ಹಾಕಿದ ಗಂಟ ಹಿಂಗ ಇದ್ದಿದ್ರ ಅದು ಸಾಯ್ತಿದ್ದಿಲ್ಲ.” ನಾನು ಹೇಳಿದ್ದರಲ್ಲಿ ಅವರಿಗೆ ಕೇಳಿಸಿದ್ದು ಅಷ್ಟು ಮಾತ್ರ.

ಅದೇ ತಿಂಗಳು ಮಗಳು ಹಟ ಹಿಡಿದು ವಿಜಯಪುರದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರರು ಇವರ ಕೈ ಚಾಚಿಸಿ, ನಡೆಸಿ, ಗುಂಡಿ ಹಾಕಿಸಿ ನೋಡಿ, ಇದು ನರಕ್ಕೆ ಸಂಬಂಧಿಸಿದ ನಡುಗು ರೋಗ, ವರ್ಷದ ಹಿಂದಿನಿಂದಲೇ ಶುರುವಾಗಿರಬೇಕು, ಮಾತ್ರೆಯಿಂದ ತಡೆಯಬಹುದು, ಪೂರ್ತಿ ಹೋಗುವುದಿಲ್ಲ ಎಂದರು. ನನ್ನ ಬೀಳ್ಕೊಡುಗೆಯ ದಿನ ಅಂಗಿಯ ಗುಂಡಿ ಮೇಲೆ ಕೆಳಗಾಗಿದ್ದು ಆಗ ನೆನಪಾಯಿತು. ನಾನು ಅದನ್ನು ಅವರ ಅಲಕ್ಷ್ಯ ಎಂದುಕೊಂಡಿದ್ದೆ. ನಮ್ಮವರು ಹಾದಿಯುದ್ದಕ್ಕೂ ಬಸ್ಸಿನಲ್ಲಿ ಶಾಂತವಾಗಿ ಕುಳಿತಿದ್ದರು. “ನೋಡಿದಿ? ನಾ ಹೇಳಿದ್ದಿಲ್ಲಾ, ಕೈಯಂದ ತಪ್ಪ ಅಂತ” ಎಂದು ಒಂದೇ ಮಾತು. ನನ್ನ ನಿಜಕ್ಕೆ ಉಳಿದಿದ್ದ ಒಂದು ಬಾಗಿಲನ್ನೂ ಡಾಕ್ಟರರ ಚೀಟಿ ಮುಚ್ಚಿಬಿಟ್ಟಿತು.

ಕೊನೆಯ ಪ್ರಯತ್ನವೆಂದು ಮೈಬೂಬಸಾಬನ ಅಂಗಡಿಗೆ ಹೋದೆ. ನಾನು ಏಣಿ ಹತ್ತಿದ ಮಧ್ಯಾಹ್ನ ರಸ್ತೆಯಲ್ಲಿ ಯಾರೂ ಇರಲಿಲ್ಲ, ಆದರೆ ಅಂಗಡಿಯ ಬಾಗಿಲು ತೆರೆದಿತ್ತು ಎಂಬುದು ನನಗೆ ನೆನಪಿತ್ತು. ಅವನು ಹಳೆಯ ಗಾದಿಯೊಂದನ್ನು ಬಿಚ್ಚುತ್ತ ಕುಳಿತಿದ್ದ.

“ಮೈಬೂಬಸಾಬ, ಅವತ್ತ ನಾ ಏಣಿ ಹತ್ತಿದ್ದು ನೀ ನೋಡಿಯೋ ಇಲ್ಲೋ?”

ಅವನು ತಲೆ ಎತ್ತಲಿಲ್ಲ. “ನೋಡೇನ್ರಿ ಅಕ್ಕೋರ.”

“ಹಂಗಾದ್ರ ಬಂದು ಅವರಿಗೆ ಹೇಳು.”

“ಏನಂತ ಹೇಳ್ಲಿ? ಕೈ ಅಂತೂ ಹ್ವಾದುವು. ಇನ್ನ ನೀವೂ ಹೋದ್ರ ಸಾಹೇಬ್ರ ಹಂತ್ಯಾಕ ಏನ್ ಉಳೀತೈತಿ?” ಎಂದ. ಮತ್ತೆ ಹೊಲಿಗೆ ಬಿಚ್ಚತೊಡಗಿದ. ಬಿಚ್ಚುತ್ತಲೇ, “ಹಗ್ಗದ ಆ ಕಡೆ ತುದಿ ನೀವು ಕಟ್ರಿ, ಈ ಕಡೆ ನಾ ಕಟ್ತೇನಿ. ನನಗ ಆ ಗಂಟ ಕಲಸ್ರಿ” ಎಂದ.

ಹಾಗೆಯೇ ಮಾಡಿದೆವು. ನಾಲ್ಕನೆಯ ದಿನಕ್ಕೆ ಆ ಇಣಚಿ ಹಗ್ಗದ ಮೇಲೆ ಕಾಲಿಟ್ಟಿತು. ನಮ್ಮವರು ಕುರ್ಚಿಯನ್ನು ಮತ್ತೆ ಅಂಗಳಕ್ಕೆ ಹಾಕಿಸಿಕೊಂಡಿದ್ದಾರೆ. ಹಾದುಹೋಗುವವರನ್ನೆಲ್ಲ ನಿಲ್ಲಿಸಿ, “ನಮ್ಮಾಕಿ ಕಟ್ಟಿದ ಗಂಟ ನೋಡ್ರಿ” ಎಂದು ತೋರಿಸುತ್ತಾರೆ. ಅಷ್ಟಕ್ಕೇ ಬಿಟ್ಟರೆ ಚೆನ್ನಾಗಿತ್ತು. ತಮ್ಮ ಕೈಯ ತಪ್ಪನ್ನು ಹೆಂಡತಿ ತನ್ನ ತಲೆಯ ಮೇಲೆ ಹಾಕಿಕೊಳ್ಳಲು ಬಂದ ಕಥೆಯನ್ನೂ ಹೇಳುತ್ತಾರೆ. ಕೇಳಿದವರು ಕಣ್ಣೊರೆಸಿಕೊಳ್ಳುತ್ತಾರೆ. ನಾನು ಒಳಗೆ ಒಲೆಯ ಮುಂದೆ ನಿಂತು ಕೇಳಿಸಿಕೊಳ್ಳುತ್ತೇನೆ. ಮೊದಮೊದಲು ಹೊರಗೆ ಬಂದು, “ಹಂಗಲ್ಲರಿ, ಖರೇನ ನಾನ ಬಿಚ್ಚಿದ್ದು” ಎನ್ನುತ್ತಿದ್ದೆ. ಅದರಿಂದ ನನ್ನ ಕೀರ್ತಿ ಇನ್ನಷ್ಟು ಹೆಚ್ಚಿತೇ ಹೊರತು ಬೇರೇನೂ ಆಗಲಿಲ್ಲ. ಈಗ ಸುಮ್ಮನಿರುತ್ತೇನೆ.

ಹೋದ ವಾರ ಪಕ್ಕದ ಮನೆಯವರು ತಮ್ಮ ಹೊಸ ಸೊಸೆಯನ್ನು ಕರೆದುಕೊಂಡು ಬಂದಿದ್ದರು. ಬಸವನ ಬಾಗೇವಾಡಿಯ ಹುಡುಗಿ, ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ. ಗಂಡ ಹೆಂಡತಿ ಹೇಗಿರಬೇಕು ಎಂಬುದನ್ನು ನನ್ನಿಂದ ಕೇಳಿಸಬೇಕಂತೆ. ಅತ್ತೆ ಒಳಗೆ ಹೋದಾಗ ಹುಡುಗಿ ಮೆಲ್ಲಗೆ, “ಅಕ್ಕೋರ, ಅವರ ಮ್ಯಾಲೆ ಸಿಟ್ಟ ಬಂದ್ರ ಏನ್ ಮಾಡಬೇಕ್ರಿ?” ಎಂದು ಕೇಳಿತು.

“ಅವತ್ತ ಜಗಳಾಡಿಬಿಡು ತಂಗಿ” ಎಂದೆ. “ಆರ ದಿನ ಇಟ್ಕೋಬ್ಯಾಡ.”

ಹುಡುಗಿ ತಲೆಯಾಡಿಸಿ, ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿತು. ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕಿತ್ತು. ಎಳೆದುಕೊಳ್ಳಲಿಲ್ಲ. ಆಶೀರ್ವಾದವನ್ನೂ ಮಾಡಿದೆ.